ಬಣ್ಣ ಅರೆಯುವವಳ ಎಡಗೈ

ಹಕ್ಕಲಕೊಪ್ಪದಲ್ಲಿ ಯಾರ ಮನೆಯಲ್ಲಿ ಮದುವೆ ಗೊತ್ತಾದರೂ ಎರಡು ಮನೆಗೆ ಮೊದಲು ಹೇಳಿಕೆ ಹೋಗಬೇಕು. ಒಂದು ಹಾಲಮ್ಮನ ಮನೆಗೆ, ಇನ್ನೊಂದು ಪಕ್ಕದ ಜಲಜಮ್ಮನ ಮನೆಗೆ. ಮದುಮಕ್ಕಳನ್ನು ಹಸೆಗೆ ಕೂರಿಸುವ ಗೋಡೆಯ ಮೇಲೆ ಚಿತ್ತಾರ ಬರೆಯುವವಳು ಹಾಲಮ್ಮ. ಅದಕ್ಕೆ ಬಣ್ಣ ಅರೆದುಕೊಡುವವಳು ಜಲಜಮ್ಮ. ಇಬ್ಬರೂ ಅಣ್ಣತಮ್ಮಂದಿರನ್ನು ಮದುವೆಯಾಗಿ ಬಂದ ವಾರಗಿತ್ತಿಯರು. ಹಿರಿಯಳಾದ ಹಾಲಮ್ಮನಿಗೆ ಈಗ ಎಂಬತ್ತೆರಡು, ಜಲಜಮ್ಮನಿಗೆ ಅರವತ್ತೇಳು. ಊರಿನವರು ಹಾಲಮ್ಮನನ್ನು ಚಿತ್ತಾರದ ಹಾಲಮ್ಮ ಎಂದು ಕರೆಯುತ್ತಾರೆ. ಜಲಜಮ್ಮನನ್ನು ಜಲಜಮ್ಮ ಎಂದೇ ಕರೆಯುತ್ತಾರೆ. ಬಣ್ಣ ಅರೆಯುವವರಿಗೆಲ್ಲ ಯಾರು ಬಿರುದು ಕೊಡುತ್ತಾರೆ?

ಅರೆಯುವುದು ಸುಲಭದ ಕೆಲಸವೆಂದು ತಿಳಿದವರು ಒಂದು ಸಲ ಕೂತು ಅರೆದು ನೋಡಬೇಕು. ನೆನೆಸಿದ ಅಕ್ಕಿಯನ್ನು ಕಲ್ಲಿನ ಮೇಲೆ ಬೆಣ್ಣೆಯಾಗುವವರೆಗೆ ಅರೆದರೆ ಬಿಳಿ. ಅಕ್ಕಿಯನ್ನು ಕಪ್ಪಗೆ ಹುರಿದು ಅರೆದರೆ ಕರಿ. ಬಿಳಿ ಸ್ವಲ್ಪ ಗಟ್ಟಿಯಾದರೆ ಪುಂಡಿ ನಾರಿನ ಕುಂಚ ಎಳೆಯುವುದಿಲ್ಲ, ತೆಳ್ಳಗಾದರೆ ಕೆಮ್ಮಣ್ಣಿನ ಗೋಡೆಯ ಮೇಲೆ ಸುರಿದುಕೊಂಡು ಹೋಗುತ್ತದೆ. ಜಲಜಮ್ಮ ಅರೆದು ಬಟ್ಟಲಿಗೆ ಹಾಕಿ ಕೊಟ್ಟರೆ ಹಾಲಮ್ಮ ಎರಡು ಬೆರಳಲ್ಲಿ ತಿಕ್ಕಿ ನೋಡುವಳು. ನೋಡಿ ಪ್ರತಿ ಸಲವೂ ಒಂದೇ ಮಾತು ಹೇಳುವಳು.

"ತರಿ ಐತೆ. ಇನ್ನೊಂದ್ ಸುತ್ತು ಅರಿ."

ತರಿ ಇರಲಿ ಬಿಡಲಿ, ಆ ಮಾತಂತೂ ಇರುತ್ತಿತ್ತು. ಜಲಜಮ್ಮ ತುಟಿ ಬಿಗಿದುಕೊಂಡು ಮತ್ತೆ ಅರೆಯಲು ಕೂರುತ್ತಿದ್ದಳು, ಎಡಗೈಯಲ್ಲಿ ಗುಂಡುಕಲ್ಲು ಹಿಡಿದು.

ಎಡಗೈ ಎಂದೆನಲ್ಲ, ಕಥೆಯೆಲ್ಲ ಇರುವುದು ಅಲ್ಲೇ. ಜಲಜಮ್ಮ ಹುಟ್ಟಾ ಎಡಚಿ. ಸಸಿ ನೆಡುವುದು, ಸೌದೆ ಒಡೆಯುವುದು, ಮೀನು ಕೊಯ್ಯುವುದು ಎಲ್ಲ ಎಡದಲ್ಲೇ. ಅವಳ ಗಂಡ ಮಂಜುನಾಥಪ್ಪ ಮದುವೆಯಾದ ವರ್ಷ ಕುಲುಮೆಯಲ್ಲಿ ಕೂತು, ಎಡಗೈಗೆ ಆಗುವಂಥ ಕುಡುಗೋಲು ಬೇಕೆಂದು ಹೇಳಿ ಮಾಡಿಸಿಕೊಟ್ಟಿದ್ದ. ಗದ್ದೆಯಲ್ಲಿ ಎಡಗೈಗೆ ಯಾರದೂ ತಕರಾರಿಲ್ಲ, ಕೆಲಸ ಆದರೆ ಸಾಕು. ತಕರಾರು ಇದ್ದದ್ದು ಶುಭಕಾರ್ಯದಲ್ಲಿ.

ಮದುವೆಯಾಗಿ ಬಂದ ಮೊದಲ ವರ್ಷವೇ ನಾದಿನಿಯ ಮದುವೆ ಬಂತು. ಹದಿನೆಂಟರ ಜಲಜಮ್ಮನಿಗೆ ತವರಿನಲ್ಲಿ ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯುವ ಬುಟ್ಟಿಯ ಮೇಲೆ ಬರೆದು ಅಭ್ಯಾಸವಿತ್ತು. ಅಲ್ಲಿ ಅವಳ ತಾಯಿ ಮಗಳ ಎಡಗೈಯನ್ನು ನೋಡಿಯೂ ನೋಡದ ಹಾಗೆ ಇರುತ್ತಿದ್ದಳು. ಆ ಧೈರ್ಯದಲ್ಲಿ ಗಂಡನ ಮನೆಯ ಹಸೆಗೋಡೆಯ ಎದುರು ನಿಂತು ಕುಂಚಕ್ಕೆ ಕೈ ಹಾಕಿದಳು. ಹಕ್ಕಲಕೊಪ್ಪದ ಕ್ರಮವೇನೆಂದರೆ, ಚಿತ್ತಾರ ದೇವರ ಕೋಣೆಯ ಬಾಗಿಲ ಕಡೆಯಿಂದ ಶುರುವಾಗಿ ಹೊರಬಾಗಿಲ ಕಡೆಗೆ ಸಾಗಬೇಕು. ನಡುವೆ ಹಾರಿ ಬರೆಯುವಂತಿಲ್ಲ. ಊರಿನ ಹಳೆಯ ಮನೆಗಳನ್ನೆಲ್ಲ ಕಟ್ಟಿದ್ದು ಒಂದೇ ಮನೆತನದ ಮೇಸ್ತ್ರಿಗಳು. ಯಾವ ಮನೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತರೂ ದೇವರ ಕೋಣೆ ಎಡಕ್ಕೇ ಬರುತ್ತದೆ. ಹಾಗಾಗಿ ಎಲ್ಲರೂ ಎಡ ಮೂಲೆಯಿಂದ ಶುರು ಮಾಡಿ ಬಲಕ್ಕೆ ಹೋಗುತ್ತಿದ್ದರು. ಹಾಲಮ್ಮ ಅದೇ ಮೂಲೆ ತೋರಿಸಿ ಸೌದೆ ಒಲೆಯ ಕಡೆ ಹೋಗಿದ್ದಳು.

ಗೀಟು ನೇರ ಬರಬೇಕಾದರೆ ಕಿರುಬೆರಳನ್ನು ಗೋಡೆಗೆ ಊರಲೇಬೇಕು. ಬಲಗೈಯವರಿಗೆ ಬರೆದದ್ದು ಎಡಕ್ಕೆ ಉಳಿಯುತ್ತದೆ, ಕೈ ಬಲಕ್ಕೆ ಸರಿಯುತ್ತದೆ, ಏನೂ ತೊಂದರೆಯಿಲ್ಲ. ಜಲಜಮ್ಮನ ಕೈ ಮಾತ್ರ ತಾನು ಆಗಷ್ಟೇ ಎಳೆದ ಹಸಿ ಗೀಟಿನ ಮೇಲೆಯೇ ಹರಿದಾಡಿತು. ಹಾಲಮ್ಮ ತಿರುಗಿ ಬರುವಷ್ಟರಲ್ಲಿ ಏಳೆಂಟು ಗೀಟು ಕಲಸಿ, ಕೆಂಪು ಗೋಡೆಯ ಮೇಲೆ ಮಜ್ಜಿಗೆ ಚೆಲ್ಲಿದ ಹಾಗಾಗಿತ್ತು.

"ಶುಭಕಾರ್ಯದ ಗೋಡೆಗೆ ಎಡಗೈ ಹಾಕಿದ್ರೆ ಇದೇ ಆಗೋದು," ಎಂದು ಹಾಲಮ್ಮ ನೆರೆದ ಹೆಂಗಸರೆಲ್ಲರ ಎದುರು ಅವಳ ಮಣಿಕಟ್ಟು ಹಿಡಿದಳು. ಒದ್ದೆ ಬಟ್ಟೆ ತಂದು ಗೀಟುಗಳನ್ನು ಒರೆಸಿದಳು. "ನೀನು ಬಣ್ಣ ಅರಿ ಹೋಗು."

ಜಲಜಮ್ಮ ಹೋದಳು. ಆ ಹೊತ್ತಿಗೆ ಅವಳಿಗೂ ತನ್ನ ಕೈಯದೇ ದೋಷ ಎನ್ನಿಸಿತ್ತು. ಹೀಗೆ ಅರೆಯಲು ಕೂತವಳು ನಲವತ್ತೊಂಬತ್ತು ವರ್ಷ ಅರೆದಳು.

ಅರವತ್ತನಾಲ್ಕಕ್ಕೆ ಅವಳ ಮೊಣಕಾಲು ಕೈಕೊಟ್ಟಿತು. ಸಾಗರದ ಡಾಕ್ಟರು ಇನ್ನು ಗದ್ದೆಯ ಕೆಸರಿಗೆ ಇಳಿಯಕೂಡದು ಎಂದರು. ಹುಟ್ಟಿದಾಗಿನಿಂದ ಸುಮ್ಮನೆ ಕೂತು ಗೊತ್ತಿಲ್ಲದವಳಿಗೆ ಹಗಲು ಕಳೆಯುವುದೇ ದೊಡ್ಡ ಕೆಲಸವಾಯಿತು. ಸೊಸೆ ಟಿವಿ ಹಾಕಿಕೊಟ್ಟಳು. ಅದರಲ್ಲಿ ಅತ್ತೆಯರೆಲ್ಲ ರೇಷ್ಮೆ ಸೀರೆ ಉಟ್ಟುಕೊಂಡೇ ಮಲಗುವುದನ್ನು ನೋಡಿ ಜಲಜಮ್ಮನಿಗೆ ತಲೆ ಕೆಟ್ಟುಹೋಯಿತು. ಒಂದು ದಿನ ಮಧ್ಯಾಹ್ನ ಎದ್ದು ಹಿತ್ತಿಲ ಸೌದೆ ಕೊಟ್ಟಿಗೆಗೆ ಹೋದಳು. ಅದರ ಮಣ್ಣಿನ ಗೋಡೆಗೆ ಕೆಮ್ಮಣ್ಣು ಬಳಿದಳು. ಒಂದು ಹಿಡಿ ಅಕ್ಕಿ ಅರೆದಳು. ಪುಂಡಿ ನಾರನ್ನು ಹಲ್ಲಿನಲ್ಲಿ ಅಗಿದು ಕುಂಚ ಮಾಡಿದಳು. ಇಲ್ಲಿ ಮದುವೆಯೂ ಇಲ್ಲ, ಮುಹೂರ್ತವೂ ಇಲ್ಲ, ಹಾಲಮ್ಮನೂ ಇಲ್ಲ. ಎಡಗೈಯಲ್ಲೇ ಬರೆದಳು, ಎಡ ಮೂಲೆಯಿಂದ.

ಕಲಸಿತು. ಮಾರನೆಯ ದಿನ ಒರೆಸಿ ಬರೆದಳು. ಅವತ್ತೂ ಕಲಸಿತು. ಸೋತು ಬಿಡುವ ಜಾತಿಯವಳಲ್ಲ ಅವಳು, ಜಗಮೊಂಡಿ. ಎಂಟು ತಿಂಗಳು ಹೀಗೆ ಬರೆಯುವುದು ಒರೆಸುವುದು ನಡೆಯಿತು.

ಮಂಜುನಾಥಪ್ಪ ಜೋಗದ ಪವರ್ ಹೌಸಿನಲ್ಲಿ ಮೆಕ್ಯಾನಿಕ್ ಆಗಿದ್ದು ರಿಟೈರಾದವನು. ಸ್ಪ್ಯಾನರ್ ಬಿಟ್ಟು ಹದಿಮೂರು ವರ್ಷವಾದರೂ ಕಣ್ಣು ಮಾತ್ರ ಎಲ್ಲಿ ಏನು ಸಡಿಲಾಗಿದೆ ಎಂದು ಹುಡುಕುತ್ತಲೇ ಇರುತ್ತದೆ. ಕೊಟ್ಟಿಗೆಯ ಬಾಗಿಲಲ್ಲಿ ಬೀಡಿ ಹಚ್ಚಿಕೊಂಡು ಕೂತು ಹೆಂಡತಿಯ ಪರದಾಟವನ್ನು ಬಹಳ ದಿನ ನೋಡಿದ.

"ಪವರ್ ಹೌಸಲ್ಲಿ ಕೆಲವು ನಟ್ಟು ಲೆಫ್ಟ್ ಥ್ರೆಡ್ಡು ಇರ್ತಿದ್ವು," ಎಂದ ಒಂದು ದಿನ. "ಹೊಸದಾಗಿ ಬಂದೋರು ಬಲಕ್ಕೆ ತಿರುಗ್ಸಿ ತಿರುಗ್ಸಿ ಸುಸ್ತಾಗಿ, ನಟ್ಟೇ ಸರಿಯಿಲ್ಲ ಅಂತ ಎಸೆಯೋರು. ನಟ್ಟಿಗೆ ಎಂತದೂ ಆಗಿರ್ತಿರಲಿಲ್ಲ. ಎಡಕ್ಕೆ ತಿರುಗ್ಸಿದ್ರೆ ಸುಮ್ನೆ ಕೂರೋದು."

"ಅದಕ್ಕೂ ಇದಕ್ಕೂ ಎಂತ ಸಂಬಂಧ? ಸುಮ್ನೆ ಬೀಡಿ ಸೇದ್ರಿ."

"ನೀನು ಆ ಮೂಲೆಯಿಂದ ಈ ಕಡೆ ಬಾ ನೋಡನ, ಮಾರಾಯ್ತಿ."

ಗಂಡನ ಮಾತನ್ನು ಆ ಕ್ಷಣವೇ ಒಪ್ಪಿಕೊಳ್ಳುವ ಅಭ್ಯಾಸ ಅವಳಿಗಿರಲಿಲ್ಲ. ಅವನು ಬೀಡಿ ಮುಗಿಸಿ ಎದ್ದು ಹೋಗುವವರೆಗೆ ಕಾದಳು. ಆಮೇಲೆ ಗೋಡೆ ಒರೆಸಿ ಬಲ ಮೂಲೆಗೆ ಹೋಗಿ ನಿಂತಳು. ಮೊದಲ ಗೀಟು ಎಳೆದಳು, ಅದರ ಎಡಕ್ಕೆ ಎರಡನೆಯದು, ಮೂರನೆಯದು. ಕೈ ಖಾಲಿ ಗೋಡೆಯ ಮೇಲೆ ಸರಿಯುತ್ತ ಹೋಯಿತು, ಗೀಟುಗಳು ಬಲಕ್ಕೆ ಉಳಿಯುತ್ತ ಬಂದವು. ಇಪ್ಪತ್ತು ಗೀಟಾದ ಮೇಲೆ ಹಿಂದೆ ಸರಿದು ನೋಡಿದಳು. ಒಂದೂ ಕಲಸಿರಲಿಲ್ಲ. ಅವಳಿಗೆ ಖುಷಿಗಿಂತ ಮೊದಲು ಸಿಟ್ಟು ಬಂತು. ಶುರು ಮಾಡಿದ ಮೂಲೆ ತಪ್ಪಾಗಿದ್ದಕ್ಕೆ ಕೈಯನ್ನು ದೂರಿಕೊಂಡು ಇಷ್ಟು ವರ್ಷ ಕಳೆದಿದ್ದಳು. ಸೌದೆಯ ಮೇಲೆ ಕೂತು ಒಂದಿಷ್ಟು ಹೊತ್ತು ಅತ್ತಳು. ಅತ್ತು ಮುಗಿದ ಮೇಲೆ ಇಪ್ಪತ್ತೊಂದನೆಯ ಗೀಟು ಎಳೆದಳು.

ಅಲ್ಲಿಂದ ಎರಡು ವರ್ಷ ಕೊಟ್ಟಿಗೆಯ ಗೋಡೆಗೆ ಬಿಡುವಿರಲಿಲ್ಲ. ಹಸೆಗೋಡೆಯ ಏಣಿ, ಬಾಸಿಂಗ, ಜೋಗಿ ಜಡೆ ಎಂಬ ಗೀಟಿನ ಮಾದರಿಗಳೆಲ್ಲವನ್ನೂ ನೆನಪಿನಿಂದಲೇ ಬರೆದಳು. ಅಷ್ಟು ವರ್ಷ ಹಾಲಮ್ಮನ ಬೆನ್ನ ಹಿಂದೆ ಕೂತು ನೋಡಿದ್ದು ಎಲ್ಲಿ ಹೋಗುತ್ತದೆ? ಅದೆಲ್ಲ ಕೈಗೆ ಬಂದ ಮೇಲೆ ತನ್ನದೂ ಸೇರಿಸಿದಳು. ಸಸಿ ನೆಡುವ ಹೆಂಗಸರ ಸಾಲು ಬಂತು. ಹಿನ್ನೀರು ದಾಟಿಸುವ ಸಿಗಂದೂರಿನ ಲಾಂಚು ಬಂತು, ಅದರಲ್ಲಿ ಜನ, ಒಂದು ಬಸ್ಸು, ಒಂದು ನಾಯಿ. ಸ್ಪ್ಯಾನರ್ ಹಿಡಿದು ಬೀಡಿ ಸೇದುವ ಗೊಂಬೆಯೊಂದು ಬಂದಾಗ ಮಂಜುನಾಥಪ್ಪ, "ನನ್ನ ಹೊಟ್ಟೆ ಅಷ್ಟು ದಪ್ಪ ಇಲ್ಲ," ಎಂದು ಮುಖ ಊದಿಸಿದ.

ಮೊನ್ನೆ ಏಪ್ರಿಲ್‌ನಲ್ಲಿ ಜಲಜಮ್ಮನ ಮೊಮ್ಮಗಳು ತನುಜಾಳ ಮದುವೆ ಗೊತ್ತಾಯಿತು. ಸಾಗರದ ಲ್ಯಾಬೊಂದರಲ್ಲಿ ಕೆಲಸ ಮಾಡುವ ಹುಡುಗಿ. ಗಂಡಿನ ಕಡೆಯವರು ಹೊಸನಗರ ತಾಲ್ಲೂಕಿನವರು. ತಾಳಿ ಕಟ್ಟುವುದು ಕಲ್ಯಾಣ ಮಂಟಪದಲ್ಲಿ, ಹಸೆಗೆ ಕೂರಿಸುವುದು ಮನೆಯಲ್ಲಿ. ಮನೆ ಅಂದರೆ ಮಗ ನಾಗೇಂದ್ರ ಹಳೆಯದನ್ನು ಕೆಡವಿ ಹೋದ ವರ್ಷ ಕಟ್ಟಿಸಿದ ಹೊಸ ಮನೆ. ಅವನು ಗೂಡ್ಸ್ ಗಾಡಿ ಓಡಿಸುವವನು, ಎಲ್ಲವೂ ಬೇಗ ಮುಗಿಯಬೇಕು.

"ಹಸೆಗೋಡೆದು ಫ್ಲೆಕ್ಸ್ ಮಾಡ್ಸಿ ಅಂಟ್ಸಿದ್ರಾಯ್ತು. ಫೋಟೋದಲ್ಲಿ ಎರಡೂ ಒಂದೇ ಥರ ಕಾಣ್ತವೆ," ಎಂದ.

"ಹಂಗಾದ್ರೆ ಅದ್ರ ಮುಂದೆ ನನ್ನದೂ ಒಂದು ಫ್ಲೆಕ್ಸ್ ನಿಲ್ಸಿ ಅಪ್ಪ, ನಾನು ಡ್ಯೂಟಿಗೆ ಹೋಗ್ತೀನಿ," ಎಂದಳು ತನುಜಾ.

ಫ್ಲೆಕ್ಸಿನ ಮಾತು ಅಲ್ಲಿಗೆ ಮುಗಿಯಿತು. ನಡುಮನೆಯ ಒಂದು ಗೋಡೆಗೆ ಕೆಮ್ಮಣ್ಣು ಸಾರಿಸಿದರು. ಬರೆಯುವುದು ಯಾರು ಎಂಬ ಪ್ರಶ್ನೆ ಬಂತು. ಹಾಲಮ್ಮನ ಕೈ ಎರಡು ವರ್ಷದಿಂದ ನಡುಗುತ್ತಿತ್ತು. ಚಹಾದ ಲೋಟವೇ ತುಟಿಗೆ ಹೋಗುವಷ್ಟರಲ್ಲಿ ಅರ್ಧವಾಗುತ್ತಿತ್ತು. ಆದರೆ ಯಾರು ಬರೆಯಬೇಕೆಂದು ಹೇಳುವುದು ಈಗಲೂ ಅವಳೇ. ಮದುವೆಗೆ ಐದು ದಿನವಿರುವಾಗ ಹೆಂಗಸರೆಲ್ಲ ಗೋಡೆಯ ಎದುರು ಸೇರಿದರು. ಹಾಲಮ್ಮ ಊರಿನ ಶಾಂತಮ್ಮನ ಹೆಸರು ಹೇಳಿದಳು. ಶಾಂತಮ್ಮ ಅಚ್ಚುಕಟ್ಟಿನ ಹೆಂಗಸು, ಹಾಲಮ್ಮನ ಕೈಕೆಳಗೆ ಹತ್ತಾರು ಗೋಡೆ ಬರೆದವಳು.

"ನಾನು ಬರೀತೀನಿ," ಎಂದಳು ಜಲಜಮ್ಮ.

ಎಲ್ಲರೂ ತಿರುಗಿ ನೋಡಿದರು. ಹಾಲಮ್ಮ ಮಾತ್ರ ನೋಡಲಿಲ್ಲ. "ಯಾವ ಕೈಯಲ್ಲಿ?" ಎಂದು ಗೋಡೆಯನ್ನೇ ಕೇಳಿದಳು.

"ನಂಗೆ ಬರೋ ಕೈಯಲ್ಲಿ."

"ನಾನು ಬದುಕಿರೋವರೆಗೆ ಈ ಮನೆತನದ ಹಸೆಗೋಡೆಗೆ ಎಡಗೈ ತಾಗಬಾರ್ದು. ಗಂಡಿನ ಕಡೆಯೋರು ಕೇಳಿದ್ರೆ ಎಂತ ಹೇಳನ? ನೀನು ಬಣ್ಣ ಅರಿ."

 ಇದನ್ನು ಇವತ್ತು ಹೇಳದಿದ್ದರೆ ಇನ್ನು ಹೇಳಲಾರೆ ಎಂದು ಜಲಜಮ್ಮನಿಗೆ ಗೊತ್ತಿತ್ತು. ಮನೆಯಲ್ಲಿ ಇನ್ನೊಂದು ಹಸೆಗೋಡೆ ಬರುವಷ್ಟರಲ್ಲಿ ತಾನಿರುತ್ತೇನೋ ಇಲ್ಲವೋ.

"ಅಕ್ಕ, ಅರೆಯೋ ಕೈನೂ ಇದೇ ಅಲ್ವಾ?" ಎಂದು ಎಡಗೈ ಎತ್ತಿ ತೋರಿಸಿದಳು. "ಈ ಊರಲ್ಲಿ ನಲವತ್ತೊಂಬತ್ತು ವರ್ಷದಿಂದ ಯಾವ ಹಸೆಗೋಡೆಗೆ ನನ್ನ ಎಡಗೈ ತಾಗಿಲ್ಲ ಹೇಳಿ? ಬರೆಯೋಕೆ ಆಗದಿದ್ ಕೈ ಅರೆಯೋಕೂ ಆಗಲ್ಲ. ನಾನು ಅರೆಯಲ್ಲ."

ಅಷ್ಟು ಹೇಳಿ ಕೊಟ್ಟಿಗೆಗೆ ಹೋದಳು. ಸೊಸೆ ಹಿಂದೆಯೇ ಹೋಗಿ, "ಮದ್ವೆ ಮನೇಲಿ ಇದೆಲ್ಲ ಬೇಕಾ ಅತ್ತೆ?" ಎಂದು ಬೇಡಿಕೊಂಡಳು. ಜಲಜಮ್ಮ ಪಟ್ಟು ಬಿಡಲಿಲ್ಲ. ಬಿಡಬಾರದಿತ್ತು ಕೂಡ. ಮದುವೆ ಮನೆಯಲ್ಲಿ ಬೇಡ, ಹಬ್ಬದಲ್ಲಿ ಬೇಡ, ನಾಲ್ಕು ಜನರ ಎದುರು ಬೇಡ ಎಂದುಕೊಂಡೇ ಅವಳು ಅಷ್ಟು ವರ್ಷ ಅರೆದದ್ದು.

ಮಾರನೆಯ ದಿನ ಅಕ್ಕಿಯನ್ನು ಮಿಕ್ಸಿಗೆ ಹಾಕಿ ತಿರುಗಿಸಿದರು. ಶಾಂತಮ್ಮ ಕುಂಚ ಹಿಡಿದು ಗೋಡೆಯ ಎದುರು ನಿಂತಳು. ಎಡ ಮೂಲೆಗೆ ಕೈ ಇಟ್ಟವಳು ಅಲ್ಲೇ ತಡೆದಳು. ಹೊಸ ಮನೆ ಕಟ್ಟುವಾಗ ವಾಸ್ತು ನೋಡುವವರು ಬಂದು, ದೇವರ ಕೋಣೆಯನ್ನು ಹಳೆಯ ಜಾಗದಿಂದ ಎತ್ತಿ ಇನ್ನೊಂದು ಕಡೆಗೆ ಹಾಕಿಸಿದ್ದರು. ಈಗ ಅದು ಗೋಡೆಯ ಬಲಕ್ಕಿತ್ತು.

"ದೇವರ ಕೋಣೆ ಕಡೆಯಿಂದ್ಲೇ ಶುರುವಾಗ್ಬೇಕು," ಎಂದಳು ಹಾಲಮ್ಮ. "ಕ್ರಮ ತಪ್ಪೋ ಹಂಗಿಲ್ಲ."

ಶಾಂತಮ್ಮ ಬಲ ಮೂಲೆಯಿಂದ ಎಡಕ್ಕೆ ಹೊರಟಳು. ಸಿಮೆಂಟಿನ ಗೋಡೆ ಮಣ್ಣಿನ ಗೋಡೆಯಂತೆ ಬೇಗ ನೀರು ಕುಡಿಯುವುದಿಲ್ಲ, ಬಿಳಿ ಬಹಳ ಹೊತ್ತು ಹಸಿಯಾಗಿಯೇ ಇತ್ತು. ಐದು ಗೀಟಾಗುವಷ್ಟರಲ್ಲಿ ಅವಳ ಬಲಗೈ ಮೊದಲ ಮೂರನ್ನು ತಿಂದುಹಾಕಿತು. ಕೈ ಎತ್ತಿ ಬರೆದರೆ ಗೀಟು ಸೊಟ್ಟಗಾಯಿತು, ಕೈ ಊರಿದರೆ ಕಲಸಿತು. ಒರೆಸಿ ಮತ್ತೆ ಬರೆದಳು. ಮಧ್ಯಾಹ್ನದವರೆಗೆ ಮೂರು ಸಲ ಒರೆಸಿದ್ದಾಯಿತು. ಕೊನೆಗೆ ಶಾಂತಮ್ಮ ಕುಂಚವನ್ನು ಬಟ್ಟಲಲ್ಲಿಟ್ಟು, "ನನ್ನ ಕೈಲಾಗಲ್ಲ ದೊಡ್ಡಮ್ಮ," ಎಂದು ಕೈಚೆಲ್ಲಿದಳು.

ಜಲಜಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದಳು. ಪಾಪ ಶಾಂತಮ್ಮ ಎಂದು ಅನ್ನಿಸಿತು. ಸ್ವಲ್ಪ ಹೊಟ್ಟೆ ತಣ್ಣಗೂ ಆಯಿತು. ಇಲ್ಲವೆಂದರೆ ಸುಳ್ಳಾಗುತ್ತದೆ.

ಹಾಲಮ್ಮ ಗೋಡೆಯ ಹತ್ತಿರ ಹೋಗಿ ಕಲಸಿದ ಬಿಳಿಯನ್ನು ಬಹಳ ಹೊತ್ತು ನೋಡಿದಳು. ಅವಳಿಗೆ ಶಾಸ್ತ್ರ ದೊಡ್ಡದು ನಿಜ, ಆದರೆ ಗೀಟು ಅದಕ್ಕಿಂತ ದೊಡ್ಡದು. ಅರವತ್ತು ವರ್ಷ ಗೀಟು ಎಳೆದ ಕಣ್ಣಿಗೆ ಅದು ಯಾಕೆ ಕಲಸಿತು ಎಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ತನ್ನ ಎರಡು ಕೈಯನ್ನೂ ಗೋಡೆಯ ಮೇಲೆ ಇಟ್ಟು, ಒಂದಾದ ಮೇಲೊಂದನ್ನು ಎಡಕ್ಕೆ ಸರಿಸಿ ನೋಡಿದಳು. ಆಮೇಲೆ ತಿರುಗಿ ಜಲಜಮ್ಮನನ್ನು ಕರೆದಳು.

"ಅವತ್ತು ನೀನು ಯಾವ ಮೂಲೆಯಿಂದ ಶುರು ಮಾಡಿದ್ದೆ?"

ಯಾವತ್ತು ಎಂದು ಜಲಜಮ್ಮ ಕೇಳಲಿಲ್ಲ. "ನೀವು ತೋರಿಸಿದ್ ಮೂಲೆಯಿಂದ್ಲೇ ಅಕ್ಕ."

ಹಾಲಮ್ಮ ಒದ್ದೆ ಬಟ್ಟೆ ತೆಗೆದುಕೊಂಡು ಗೋಡೆಯ ಮೇಲಿದ್ದದ್ದನ್ನೆಲ್ಲ ಒರೆಸಿದಳು. ಕೈ ನಡುಗುತ್ತಿದ್ದರಿಂದ ಒರೆಸಲು ತುಂಬ ಹೊತ್ತು ಹಿಡಿಯಿತು, ಯಾರಿಗೂ ಬಟ್ಟೆ ಕೊಡಲಿಲ್ಲ. ಒರೆಸಿದ್ದಾದ ಮೇಲೆ ಮಿಕ್ಸಿಯ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿ ಹೊರಗೆ ಚೆಲ್ಲಿಸಿದಳು. ಹಿಂದಿನ ಜಗಲಿಗೆ ಹೋಗಿ ಅರೆಯುವ ಕಲ್ಲಿನ ಮುಂದೆ ಕಾಲು ಚಾಚಿ ಕೂತಳು. ನೆನೆದ ಅಕ್ಕಿ ತರಿಸಿಕೊಂಡು ಗುಂಡುಕಲ್ಲನ್ನು ಎರಡು ಕೈಯಲ್ಲೂ ಹಿಡಿದು ಅರೆಯತೊಡಗಿದಳು.

"ದೊಡ್ಡಜ್ಜಿ, ನಾನು ಅರೀತೀನಿ ಬಿಡಿ," ಎಂದು ತನುಜಾ ಓಡಿ ಬಂದಳು.

"ಮದುಮಗಳು ಕಲ್ಲು ಮುಟ್ಟಬಾರ್ದು. ಹೋಗು ಒಳಗೆ."

ಅರ್ಧ ಗಂಟೆ ಅರೆದಳು. ಹಣೆಯ ಬೆವರು ಮೂಗಿನ ತುದಿಗೆ ಬಂದಿತ್ತು. ಬಟ್ಟಲಿಗೆ ಬಳಿದು ಜಲಜಮ್ಮನ ಕಡೆ ಚಾಚಿದಳು. ಜಲಜಮ್ಮ ಎರಡು ಬೆರಳಲ್ಲಿ ತಿಕ್ಕಿ ನೋಡಿದಳು. ಜಗಲಿಯಲ್ಲಿದ್ದ ಹೆಂಗಸರೆಲ್ಲ ಕತ್ತು ಚಾಚಿ ನೋಡಿದರು. ಎಂಬತ್ತೆರಡು ವರ್ಷದವಳು, ನಡುಗುವ ಕೈ, ಚೆನ್ನಾಗಿದೆ ಎಂದು ಒಂದು ಮಾತು ಹೇಳಿದ್ದರೆ ಏನು ಹೋಗುತ್ತಿತ್ತು? ಜಲಜಮ್ಮನಿಗೂ ಹಾಗೇ ಅನ್ನಿಸಿತು. ಆದರೆ ಬರೆಯುವವಳು ಸುಳ್ಳು ಹೇಳಿದರೆ ಗೋಡೆ ಕೇಳುವುದಿಲ್ಲ.

"ತರಿ ಐತೆ ಅಕ್ಕ. ಇನ್ನೊಂದ್ ಸುತ್ತು ಅರೀರಿ."

ಹಾಲಮ್ಮ ಅವಳ ಮುಖ ನೋಡಿದಳು. ಬೊಚ್ಚುಬಾಯಿಯ ಮೂಲೆಯಲ್ಲಿ ನಗು ಬಂದದ್ದನ್ನು ಅಲ್ಲೇ ನುಂಗಿಕೊಂಡು, ಬಟ್ಟಲನ್ನು ಕಲ್ಲಿನ ಮೇಲೆ ಸುರಿದು ಮತ್ತೆ ಅರೆಯತೊಡಗಿದಳು.

ಜಲಜಮ್ಮ ಮೂರು ದಿನ ಬರೆದಳು. ಸ್ಟೂಲಿನ ಮೇಲೆ ಕೂತು, ಮೊಣಕಾಲು ಹಿಡಿದುಕೊಂಡಾಗ ಎದ್ದು ನಿಂತು, ಮತ್ತೆ ಕೂತು, ದೇವರ ಕೋಣೆಯ ಬಾಗಿಲಿಂದ ಹೊರಬಾಗಿಲ ಕಡೆಗೆ ಒಂದೊಂದೇ ಗೀಟು ಎಳೆಯುತ್ತ ಹೋದಳು. ಬೆಳಿಗ್ಗೆ ಮತ್ತು ಮಧ್ಯಾಹ್ನ ಹಾಲಮ್ಮ ಬಣ್ಣ ಅರೆದು ತಂದಿಡುತ್ತಿದ್ದಳು, ಇಟ್ಟು ಹಿಂದೆ ಕೂತು ನೋಡುತ್ತಿದ್ದಳು. ಗೋಡೆಯಲ್ಲಿ ಬರೆದ ಮದುಮಗಳ ದಂಡಿಗೆ ಪಲ್ಲಕ್ಕಿಯ ಕೆಳಗೆ ಜಲಜಮ್ಮ ಲಾಂಚು ಬರೆದಾಗ ಮಾತ್ರ ಸುಮ್ಮನಿರಲು ಆಗಲಿಲ್ಲ.

"ಇದೆಂತ ಮಾರಾಯ್ತಿ?"

"ಲಾಂಚು. ಕೂಸಾಗಿದ್ದಾಗ ತನುಜಾಗೆ ಅದಂದ್ರೆ ಪ್ರಾಣ. ಬ್ಯಾಡ್ವಾ?"

ಹಾಲಮ್ಮ ಕಣ್ಣು ಕಿರಿದು ಮಾಡಿಕೊಂಡು ನೋಡಿದಳು. "ನಾಯಿಗೆ ಬಾಲ ಬರೀಲಿಲ್ಲ ನೀನು," ಎಂದಳು.

ಮದುವೆಯ ದಿನ ತನುಜಾ ಮತ್ತು ಮದುಮಗ ಆ ಗೋಡೆಗೆ ಬೆನ್ನು ಮಾಡಿ ಹಸೆಯ ಮೇಲೆ ಕೂತರು. ಅವರ ಹಿಂದೆ ಕೆಂಪಿನ ಮೇಲೆ ಬಿಳಿ ಗೀಟುಗಳು ತುದಿಯಿಂದ ತುದಿಗೆ ಚೊಕ್ಕವಾಗಿದ್ದವು. ಮದುಮಗನ ಅಜ್ಜಿ ಆರತಿ ಎತ್ತುವುದನ್ನು ಮರೆತು ಗೋಡೆಯನ್ನೇ ನೋಡುತ್ತ ನಿಂತುಬಿಟ್ಟರು. ಹೊಸನಗರದ ಕಡೆ ಅವರೂ ಚಿತ್ತಾರ ಬರೆದವರೇ ಇರಬೇಕು, ಬೆರಳು ಗಾಳಿಯಲ್ಲಿ ಗೀಟಿನ ಜೊತೆಗೇ ಓಡಿತು.

"ಎಷ್ಟು ನೇರ ಐತೆ! ನಿಮ್ಮ ಕೈ ಬಗ್ಗೆ ಕೇಳಿದ್ದೆ ಹಾಲಮ್ಮ, ಈ ವಯಸ್ಸಲ್ಲೂ ಇಷ್ಟು ಚೆಂದ ಬರೀತೀರಾ?"

ಜಲಜಮ್ಮ ಹೆಂಗಸರ ಗುಂಪಿನ ಹಿಂದೆ ನಿಂತಿದ್ದಳು. ಎಷ್ಟೋ ಮದುವೆಗಳಲ್ಲಿ ಈ ಮಾತು ಕೇಳಿ ಸುಮ್ಮನೆ ಅಡುಗೆಮನೆಗೆ ಹೋದವಳು ಅವಳು. ಈ ಸಲ ಕಾಲು ಕದಲಿಸಲಿಲ್ಲ.

ಹಾಲಮ್ಮ ಎದ್ದು ಗುಂಪಿನೊಳಗೆ ನುಗ್ಗಿ, ನಲವತ್ತೊಂಬತ್ತು ವರ್ಷದ ಹಿಂದೆ ಹಿಡಿದಿದ್ದ ಅದೇ ಮಣಿಕಟ್ಟನ್ನು ಹಿಡಿದು, ಜಲಜಮ್ಮನನ್ನು ಎಲ್ಲರ ಎದುರಿಗೆ ಎಳೆದು ತಂದಳು. ನಡುಗುವ ತನ್ನ ಕೈಯಲ್ಲಿ ಅವಳ ಎಡಗೈಯನ್ನು ಎತ್ತಿ ಹಿಡಿದಳು.

"ಬರೆದೋಳು ಇವ್ಳು, ಈ ಕೈಯಲ್ಲಿ," ಎಂದಳು. "ನಾನು ಬಣ್ಣ ಅರೆದೋಳು."